ಅಳಿದ ಪದವಿ, ಉಳಿದ ಕೃತಿ

ಪದವಿಯ ಮೋಹವು ದೊಡ್ಡದು. ಅದರ ಆಯುಷ್ಯವಾದರೋ ಬಹು ಸಣ್ಣದು. ಇದಕ್ಕೆ ನಮ್ಮ ಸೀಮೆಯ ಚರಿತ್ರೆಯೇ ಸಾಕ್ಷಿ.

1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಉಡುಪಿ, ಕಾಪು, ಕಾರ್ಕಳಗಳನ್ನೊಳಗೊಂಡ ಕನ್ನಡ ಜಿಲ್ಲೆಯು ಕುಂಪಣಿಯ ವಶವಾಯಿತು. ಆ ವಿಜಯಕ್ಕೆ ಪಾರಿತೋಷಕವೆಂದು ಗವರ್ನರ್ ಜನರಲ್ಲನಿಗೆ ಅದೇ ವರ್ಷ ವೆಲ್ಲೆಸ್ಲಿಯ ಮಾರ್ಕ್ವಿಸ್ ಎಂಬ ಪದವಿಯು ದೊರೆಯಿತು. ಅದು ಐರ್ಲೆಂಡಿನ ಶ್ರೇಣಿಯದೆಂಬ ಕೊರಗು ಅವನಿಗೆ! ಧರ್ಮಪತ್ನಿಯಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ಮಾತ್ರ ಆ ಪದವಿಯು ಸಲ್ಲತಕ್ಕದ್ದು; ಅವನ ಮಕ್ಕಳಾದರೋ ತಂದೆತಾಯಿಗಳ ವಿವಾಹಕ್ಕೆ ಮೊದಲೇ ಜನಿಸಿದವರು. 1842ರಲ್ಲಿ ಅವನು ಕಾಲವಾದೊಡನೆ ಪದವಿಯೂ ಅಳಿಯಿತು. ಅದು ಬಾಳಿದ್ದು 43 ವರ್ಷಗಳು.

ಮಕ್ಕಳಿಲ್ಲದೆ ಪಟ್ಟವು ಬರಿದಾಗುವ ಭಯ ನಮ್ಮ ತುಳುನಾಡಿಗಿರಲಿಲ್ಲ. ಅಳಿಯಸಂತಾನದ ಕಟ್ಟಿನಲ್ಲಿ ಸೋದರಳಿಯನೇ ಉತ್ತರಾಧಿಕಾರಿ. ಕಾರ್ಕಳದ ಇಮ್ಮಡಿ ಭೈರರಸನು ಹೀಗೆ ಸೋದರಮಾವನ ಪಟ್ಟಕ್ಕೆ ಬಂದವನು. ಆದರೂ ಕೆಳದಿಯವರ ಪ್ರಾಬಲ್ಯದ ಮುಂದೆ ಕುಗ್ಗಿದ ಆ ಪಟ್ಟವು ಕಾಲಕ್ರಮದಲ್ಲಿ ನಂದಿಹೋಯಿತು. ಪದವಿಯ ಪಾಲಿಗೆ ಲಂಡನ್ನಿಗೂ ಕಾರ್ಕಳಕ್ಕೂ ಗತಿ ಒಂದೇ.

ಆದರೆ ಒಂದು ಭೇದವುಂಟು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಸುಮಾರು 42 ಅಡಿಯ ಏಕಶಿಲಾ ಗೊಮ್ಮಟನು ಇಂದಿಗೂ ನಿಂತಿದ್ದಾನೆ. 2015ರಲ್ಲಿಯೂ ಅವನಿಗೆ ಮಹಾಮಸ್ತಕಾಭಿಷೇಕವು ಜರುಗಿತು. ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯ ನಾಲ್ಕು ಬಾಗಿಲುಗಳು ನಾಲ್ಕು ದಿಕ್ಕಿಗೂ ತೆರೆದಿವೆ. ಕಾಪುವಿನ ಮದ್ದ ಹೆಗ್ಗಡೆಯ ಹೆಸರು ನಮಗೆ ತಿಳಿದಿರುವುದೂ ಅವನು ಬಸದಿಗೆ ಬಿಟ್ಟ ಭೂಮಿಯನ್ನು ಹೇಳುವ 16ನೆಯ ಶತಮಾನದ ತಾಮ್ರಶಾಸನದಿಂದಲೇ. ಗೆದ್ದುದಕ್ಕೆ ಸಿಕ್ಕಿದ ಹೆಸರು ಅಳಿಯಿತು. ಕೊಟ್ಟುದಕ್ಕೆ ಬಂದ ಹೆಸರು ಉಳಿಯಿತು.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 18ನೆಯ ವಿಧಿಯು, ಸೇನೆಯ ಮತ್ತು ವಿದ್ಯೆಯ ಪದವಿಗಳನ್ನುಳಿದು, ಸರಕಾರವು ಬಿರುದುಗಳನ್ನು ದಯಪಾಲಿಸುವುದನ್ನೇ ನಿಷೇಧಿಸಿತು. ಆದರೂ ನಮ್ಮ ಸನ್ಮಾನಪತ್ರಗಳಲ್ಲಿ ಬಿರುದಾವಳಿಯು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇದೆ. ಭೈರರಸರ ಹೆಸರಿನಲ್ಲಿ ಹೆಮ್ಮೆಪಡುವವರು ಅವರ ಬಿರುದನ್ನು ಬಯಸಬೇಕಾಗಿಲ್ಲ; ಕಾರ್ಕಳದ ಆನೆಕೆರೆಗೆ ಕಸ ಬೀಳದಂತೆ ನೋಡಿಕೊಂಡರೆ ಸಾಕು. ಶಾಸನದ ಕಲ್ಲು ಕಂಡಲ್ಲಿ ಅಧಿಕಾರಿಗಳು ಅದನ್ನು ದಾಖಲಿಸಲಿ. ಊರವರು ಅದನ್ನು ಬಟ್ಟೆ ಒಗೆಯುವ ಕಲ್ಲಾಗಿಸದಿರಲಿ. ಬಿರುದಿಗೆ ವಾರಸುದಾರ ಒಬ್ಬನೇ. ಕೆರೆಗೂ ಕಲ್ಲಿಗೂ ಊರೆಲ್ಲವೂ ವಾರಸು. ಆ ವಾರಸುತನವನ್ನು ನಾವು ವಹಿಸಿಕೊಳ್ಳದೆ ಹೋದರೆ, ಅದು ಅಳಿಯುವುದಕ್ಕೆ 43 ವರ್ಷಗಳೂ ಬೇಕಾಗಲಾರವು.