ಮೀನಿಲ್ಲದ ಸರೋವರ ಬರಿದಲ್ಲ

ನೀರಿದ್ದಲ್ಲೆಲ್ಲ ಮೀನಿರಬೇಕು, ಇಲ್ಲವಾದರೆ ಎಲ್ಲಿಂದಲಾದರೂ ತಂದು ಬಿಡಬೇಕು ಎಂಬ ಭಾವನೆ ಮನುಷ್ಯನಲ್ಲಿ ಆಳವಾಗಿ ಬೇರೂರಿದೆ. ಮೀನಿಲ್ಲದ ನೀರನ್ನು ಬಿತ್ತದೆ ಬಿಟ್ಟ ಗದ್ದೆಯಂತೆ ಕಾಣುವುದು ರೂಢಿ. ಈ ಭಾವನೆಯನ್ನು ಸುಮಾರು ನೂರೈವತ್ತು ವರ್ಷಗಳ ಕಾಲ ಕಾರ್ಯರೂಪಕ್ಕೆ ತಂದು, ಅದರ ಫಲವನ್ನು ಎಣಿಸಿ ನೋಡಿದ ಪ್ರದೇಶವೊಂದಿದೆ. ಅದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಿಯೆರಾ ನೆವಾಡ ಪರ್ವತಶ್ರೇಣಿ. ಅಲ್ಲಿನ ಟ್ರೌಟ್ ಮೀನಿನ ಕಥೆ ಮಲೆನಾಡಿನ ಓದುಗರಿಗೆ ದೂರದ್ದೆನಿಸಬಹುದು. ಆದರೆ ಅದೇ ಮೀನನ್ನು ನೆರೆಯ ನೀಲಗಿರಿಗೂ ತಂದು ಬಿಡಲಾಯಿತು; ಅದನ್ನು ತರಿಸಿದ ಭಾವನೆಯಂತೂ ಇಂದು ಇಲ್ಲಿನ ಹಳ್ಳ, ಮದಗ, ಹೊಂಡಗಳ ದಡದಲ್ಲೇ ನಿಂತಿದೆ.

ಅಬ್ಬಿಯ ಮೇಲಿನ ನೀರು

ಸಿಯೆರಾ ನೆವಾಡದ ಸಾವಿರಾರು ಸರೋವರಗಳು ಹಿಮನದಿಗಳು ಬಂಡೆಯನ್ನು ಕೊರೆದು ಮಾಡಿದ ತಟ್ಟೆಗಳು. ಅವುಗಳಿಂದ ಹೊರಡುವ ತೊರೆಗಳು ಕಡಿದಾದ ಬಂಡೆಗಳಿಂದ ಧುಮುಕುತ್ತವೆ. ಕೆಳಗಿನ ನದಿಗಳ ಮೀನು ಆ ಅಬ್ಬಿಗಳನ್ನು ಏರಲಾರದು. ಆದುದರಿಂದ ಸುಮಾರು 1800 ಮೀಟರಿಗಿಂತ ಮೇಲಿನ ಬಹುತೇಕ ಎಲ್ಲ ಸರೋವರಗಳೂ ಹುಟ್ಟಿನಿಂದಲೇ ಮೀನಿಲ್ಲದವು. ಕೆರ್ನ್ ನದಿಯ ಮೇಲ್ಭಾಗದ ಹೊನ್ನಬಣ್ಣದ ಗೋಲ್ಡನ್ ಟ್ರೌಟ್‌ನಂಥ ಕೆಲವೇ ಅಪವಾದಗಳನ್ನು ಬಿಟ್ಟರೆ ಎತ್ತರದ ನೀರು ಕಪ್ಪೆಗಳದ್ದು, ಕೀಟಗಳದ್ದು.

19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸ್ಥಿತಿ ಬದಲಾಯಿತು. ಕುರಿ ಕಾಯುವವರು, ಗಣಿಗಾರರು, ಗಾಳದ ಹವ್ಯಾಸಿಗಳು ಹಾಲಿನ ಕ್ಯಾನುಗಳಲ್ಲಿ ಮರಿಮೀನು ತುಂಬಿ, ಹೇಸರಗತ್ತೆಗಳ ಮೇಲೆ ಹೇರಿ ಮೇಲಕ್ಕೆ ಒಯ್ದರು. ಮುಂದೆ ಸರ್ಕಾರವೇ ಈ ಕೆಲಸವನ್ನು ಕೈಗೆತ್ತಿಕೊಂಡಿತು. ಎರಡನೆಯ ಮಹಾಯುದ್ಧದ ಅನಂತರ ವಿಮಾನಗಳು ಸರೋವರಗಳ ಮೇಲೆ ತಗ್ಗಾಗಿ ಹಾರಿ ಮರಿಗಳನ್ನು ಸುರಿದವು. ಪಶ್ಚಿಮದ ತಗ್ಗಿನ ನದಿಗಳ ರೇನ್‌ಬೋ, ಪೂರ್ವ ಅಮೆರಿಕದ ಬ್ರೂಕ್, ಯೂರೋಪಿನ ಬ್ರೌನ್ ಹೀಗೆ ನಾನಾ ಊರಿನ ಟ್ರೌಟುಗಳು ಒಂದೇ ಪರ್ವತವನ್ನು ಸೇರಿದವು.

ಗಾಳಗಾರನ ವಿದ್ಯೆ

ಎತ್ತರದ ಸರೋವರದಲ್ಲಿ ಟ್ರೌಟ್ ಹಿಡಿಯಲು ತೋಳಿನ ಬಲಕ್ಕಿಂತ ನೀರನ್ನು ಓದುವ ಕಣ್ಣು ಮುಖ್ಯ. ವರ್ಷದ ಹೆಚ್ಚಿನ ಕಾಲ ಮಂಜುಗಡ್ಡೆ ಮುಚ್ಚಿರುವ ಈ ಸರೋವರಗಳು ಜೂನ್ ಕೊನೆಗೋ ಜುಲೈಯಲ್ಲೋ ತೆರೆದುಕೊಳ್ಳುತ್ತವೆ. ದಡದಂಚಿನ ಗಡ್ಡೆ ಮೊದಲು ಕರಗುತ್ತದೆ; ಚಳಿಗಾಲವೆಲ್ಲ ಹಸಿದ ಮೀನು ಆ ಕಿರಿದಾದ ತೆರೆದ ನೀರಿಗೆ ಬಂದು ಸೇರುತ್ತದೆ. ಬಲ್ಲ ಗಾಳಗಾರರು ವರ್ಷವಿಡೀ ಕಾಯುವುದು ಈ ಒಂದೆರಡು ವಾರಗಳಿಗಾಗಿ.

ಬಳಿಕ ಅವರ ದೃಷ್ಟಿ ಹರಿಯುವುದು ತೊರೆ ಬಂದು ಸೇರುವ ಬಾಯಿಯ ಕಡೆಗೆ. ಅಲ್ಲಿ ನೀರು ತಂಪು, ಆಮ್ಲಜನಕ ಸಮೃದ್ಧ, ಕೊಚ್ಚಿಬರುವ ಹುಳುಹುಪ್ಪಟೆ ಹೇರಳ. ಟ್ರೌಟಿಗೆ 10ರಿಂದ 16 ಡಿಗ್ರಿ ಸೆಲ್ಸಿಯಸ್ ಹಿತ. 20 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 25 ಡಿಗ್ರಿಗೆ ಕಾದರೆ ಅದು ಸುಮಾರು 8ಕ್ಕೆ ಇಳಿಯುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕುಗ್ಗಿ ಈ ಪ್ರಮಾಣ ಇನ್ನೂ ತಗ್ಗುತ್ತದೆ. ಹೀಗಾಗಿ ಬೆಟ್ಟದ ನೆತ್ತಿಯ ಮೀನಿಗೆ ತಂಪು ನೀರೇ ಉಸಿರು.

ಹೊಳೆಯ ಟ್ರೌಟ್ ಕಲ್ಲಿನ ಮರೆಯಲ್ಲಿ ನಿಂತು, ಪ್ರವಾಹ ತರುವ ಆಹಾರಕ್ಕೆ ಕಾಯುತ್ತದೆ. ಸರೋವರದಲ್ಲಿ ಆಹಾರ ತರುವ ಹರಿವಿಲ್ಲ. ಅಲ್ಲಿ ಮೀನೇ ಆಹಾರವನ್ನು ಅರಸಿ ಸುತ್ತಬೇಕು. ದಡದ ತೆಳುನೀರು ಕಡುನೀಲಿಯ ಆಳಕ್ಕೆ ಇಳಿಯುವ ಅಂಚಿನಲ್ಲಿ ಅದು ಗಸ್ತು ತಿರುಗುತ್ತದೆ. ಆದುದರಿಂದ ಗಾಳವನ್ನು ಮೀನು ಕಂಡ ಜಾಗಕ್ಕೆ ಎಸೆದರೆ ಫಲವಿಲ್ಲ. ಅದು ಬರಲಿರುವ ದಾರಿಗೆ ಎಸೆಯಬೇಕು. ನೀರು ಕನ್ನಡಿಯಷ್ಟು ತಿಳಿಯಾದುದರಿಂದ ನೆರಳು ಬೀಳದಂತೆ ತಗ್ಗಿ, ದಡದಿಂದ ಹಿಂದೆ ಸರಿದು ನಿಲ್ಲಬೇಕು. ಮಧ್ಯಾಹ್ನ ಕಣಿವೆಯಿಂದ ಮೇಲೇರುವ ಗಾಳಿ ಇರುವೆ, ಜೀರುಂಡೆಗಳನ್ನು ಹೊತ್ತು ತಂದು ನೀರಿಗೆ ಕೆಡವುತ್ತದೆ. ಅವೆಲ್ಲ ತೇಲಿಹೋಗಿ ಸೇರುವ ದಡದಲ್ಲಿ ನಿಂತವನಿಗೆ ಮೀನು. ಮೋಡ ಕಟ್ಟಿ ಗುಡುಗು ಕೇಳಿದರೆ ಗಾಳದ ಕೋಲನ್ನು ಕೆಳಗಿಟ್ಟು ಬಯಲಿನಿಂದ ಇಳಿಯುವುದು ಜಾಣತನ, ಏಕೆಂದರೆ ಇಂದಿನ ಗ್ರ್ಯಾಫೈಟ್ ಕೋಲು ಸಿಡಿಲಿಗೆ ಒಳ್ಳೆಯ ದಾರಿ. ಸಂಜೆ ಗಾಳಿ ನಿಂತ ಮೇಲೆ ಮೇಫ್ಲೈ ಮತ್ತು ನೊರಜುಗಳು ನೀರಿನಿಂದ ರೆಕ್ಕೆ ಬಿಚ್ಚಿ ಏಳುತ್ತವೆ. ಆಗ ಗರಿ ಮತ್ತು ದಾರದಿಂದ ಕಟ್ಟಿದ ಹುಸಿಹುಳುವನ್ನು ಮೆಲ್ಲನೆ ನೀರ ಮೇಲೆ ಇಳಿಸುವುದೇ ಈ ಕಲೆಯ ತುದಿ.

ಈ ವಿದ್ಯೆಯಲ್ಲಿ ತಾಳ್ಮೆಯಿದೆ, ನಿಸರ್ಗದ ಸೂಕ್ಷ್ಮ ಅವಲೋಕನವಿದೆ. ಅದನ್ನು ಹೀಗಳೆಯಬೇಕಾದುದಿಲ್ಲ. ಆದರೆ ಅದೇ ವಿದ್ಯೆ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಬೇಸಿಗೆಯ ಅಷ್ಟೂ ದಿನ ದಡದ ಅಂಚಂಚನ್ನು ಸೋಸುತ್ತ, ಈಜುವ, ತೇಲುವ, ರೆಕ್ಕೆ ಬಿಚ್ಚುವ ಎಲ್ಲವನ್ನೂ ನುಂಗುವ ಬೇಟೆಗಾರನೊಬ್ಬ ಆ ನೀರಿನಲ್ಲಿದ್ದಾನೆ. ಸಾವಿರಾರು ವರ್ಷ ಮೀನಿನ ಬಾಯಿಯನ್ನೇ ಕಾಣದ ಜೀವಿಗಳ ಮನೆಗೆ ಅವನನ್ನು ಬಿಟ್ಟವರು ಮನುಷ್ಯರು.

ಕಪ್ಪೆ ಕಳೆದುಕೊಂಡ ಆಳ

ಆ ಮನೆಯ ಮುಖ್ಯ ಒಡೆಯ ಹಳದಿ ಕಾಲಿನ ಪರ್ವತ ಕಪ್ಪೆ. 1924ರಲ್ಲಿ ಪ್ರಕಟವಾದ ಯೊಸೆಮಿಟಿ ಪ್ರದೇಶದ ಪ್ರಾಣಿ ಸಮೀಕ್ಷೆಯಲ್ಲಿ ಗ್ರಿನ್ನೆಲ್ ಮತ್ತು ಸ್ಟೋರರ್ ಎಂಬ ವಿಜ್ಞಾನಿಗಳು ಎತ್ತರದ ನೀರಿನಲ್ಲಿ ಅತಿ ಸಾಮಾನ್ಯವಾದ ಉಭಯವಾಸಿ ಇದೇ ಎಂದು ದಾಖಲಿಸಿದರು. ಮೀನಿರುವಲ್ಲಿ ಇದರ ಗೊದಮೊಟ್ಟೆಗಳು ಉಳಿಯುವುದಿಲ್ಲ ಎಂಬುದನ್ನೂ ಅವರು ಆಗಲೇ ಗುರುತಿಸಿದ್ದರು. ಅನಂತರದ ದಶಕಗಳಲ್ಲಿ ಈ ಕಪ್ಪೆ ತನ್ನ ಹಿಂದಿನ ನೆಲೆಗಳಲ್ಲಿ ಶೇಕಡ 90ಕ್ಕೂ ಹೆಚ್ಚಿನವುಗಳಿಂದ ಮರೆಯಾಯಿತು. 2014ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು.

ಕಾರಣ ಕಪ್ಪೆಯ ಬಾಲ್ಯದಲ್ಲಿದೆ. ಮಲೆನಾಡಿನ ಹೊಂಡಗಳಲ್ಲಿ ಎಷ್ಟೋ ಕಪ್ಪೆಗಳ ಗೊದಮೊಟ್ಟೆ ಒಂದೇ ಮಳೆಗಾಲದಲ್ಲಿ ಕಾಲು ಮೂಡಿ ದಡ ಹತ್ತುತ್ತದೆ. ಸಿಯೆರಾದ ಚಳಿಯಲ್ಲಿ ಅದಕ್ಕೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ಬೇಸಿಗೆ ಬೇಕು. ಅಷ್ಟು ಚಳಿಗಾಲಗಳನ್ನು ಅದು ನೀರಿನಲ್ಲೇ ಕಳೆಯಬೇಕಾದುದರಿಂದ, ತಳದವರೆಗೆ ಹೆಪ್ಪುಗಟ್ಟದ ಹಾಗೂ ಬೇಸಿಗೆಯಲ್ಲಿ ಬತ್ತದ ಆಳವಾದ ಸರೋವರ ಅದಕ್ಕೆ ಅನಿವಾರ್ಯ. ಟ್ರೌಟಿಗೆ ಬೇಕಾದುದೂ ಅದೇ ಸರೋವರ. ಮೀನು ಬಂದ ಮೇಲೆ ಕಪ್ಪೆಗೆ ಉಳಿದುದು ತೆಳುನೀರಿನ ಗುಂಡಿಗಳು. ಒಳ್ಳೆಯ ವರ್ಷದಲ್ಲಿ ಅಲ್ಲಿ ಮರಿಗಳು ತುಂಬಿರುತ್ತವೆ. ಒಂದು ಬರಗಾಲ ಅಥವಾ ಒಂದು ಕಡುಚಳಿ ಎಲ್ಲವನ್ನೂ ಒಮ್ಮೆಗೇ ಒರೆಸಿಹಾಕುತ್ತದೆ.

ನಷ್ಟ ಕಪ್ಪೆಯಲ್ಲಿಗೆ ನಿಲ್ಲಲಿಲ್ಲ. ಕಪ್ಪೆ ತಿಂದು ಬದುಕುವ ಹಾವು ಕಡಿಮೆಯಾಯಿತು. ಸರೋವರದಿಂದ ಏಳುವ ಮೇಫ್ಲೈಗಳನ್ನು ನೆಚ್ಚಿದ ಗುಲಾಬಿ ಛಾಯೆಯ ಫಿಂಚ್ ಹಕ್ಕಿಗಳನ್ನು ಎಣಿಸಿದಾಗ, ಮೀನಿಲ್ಲದ ಸರೋವರಗಳ ಬಳಿ ಅವು ಸುಮಾರು ಆರು ಪಟ್ಟು ಹೆಚ್ಚಿದ್ದುದು ಕಂಡುಬಂದಿತು. ನೀರಿನೊಳಗಿನ ಒಂದು ಬಾಯಿ ಆಕಾಶದ ಹಕ್ಕಿಯ ಅನ್ನವನ್ನೂ ಕಸಿದಿತ್ತು.

ಇಷ್ಟಾದರೂ ಮೀನಾದರೂ ಸುಖವಾಗಿತ್ತೇ? ಬ್ರೂಕ್ ಟ್ರೌಟ್ ಸರೋವರದ ತಳದ ಜಲ್ಲಿಯಲ್ಲೇ ಮೊಟ್ಟೆಯಿಡಬಲ್ಲದು. ಆಹಾರ ಕಡಿಮೆಯಿರುವ ನೀರಿನಲ್ಲಿ ಅದರ ಸಂಖ್ಯೆ ಮಿತಿಮೀರಿ, ತಲೆ ದೊಡ್ಡದಾಗಿ ಮೈ ಸೊರಗಿದ ಕುಳ್ಳು ಮೀನುಗಳು ತುಂಬುತ್ತವೆ. ಬನಿ ಸರೋವರದಲ್ಲಿ 1951ರಲ್ಲಿ ಬಿಟ್ಟ ಇಂಥ ಮೀನುಗಳ ಪೈಕಿ ಕೆಲವು ಅರೆಹೊಟ್ಟೆಯಲ್ಲೇ 24 ವರ್ಷ ಬದುಕಿದ್ದವು. ಗಾಳಗಾರನಿಗೂ ಅಂಥ ಮೀನಿನಿಂದ ಹೆಚ್ಚಿನ ಸಂತೋಷವಿಲ್ಲ.

ತೆಗೆದು ನೋಡಿದಾಗ

ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದಲ್ಲಿ ವಾನ್ಸ್ ವ್ರೆಡೆನ್‌ಬರ್ಗ್ ಎಂಬ ವಿಜ್ಞಾನಿ ಐದು ಸರೋವರಗಳಿಂದ ಬಲೆ ಹಾಕಿ ಟ್ರೌಟುಗಳನ್ನು ತೆಗೆದರು. 2004ರಲ್ಲಿ ಪ್ರಕಟವಾದ ಆ ಪ್ರಯೋಗದ ಪ್ರಕಾರ, ಕೆಲವೇ ವರ್ಷಗಳಲ್ಲಿ ಅಲ್ಲಿನ ಕಪ್ಪೆಗಳ ಸಂಖ್ಯೆ ಎಂದೂ ಮೀನಿರದ ಸರೋವರಗಳ ಮಟ್ಟವನ್ನು ಮುಟ್ಟಿತು. ರಾಷ್ಟ್ರೀಯ ಉದ್ಯಾನದ ಆಡಳಿತವೂ 2001ರಿಂದ ಆಯ್ದ ಸರೋವರಗಳಲ್ಲಿ ಇದೇ ಕೆಲಸವನ್ನು ಆರಂಭಿಸಿತ್ತು.

ಆದರೆ ಇನ್ನೊಂದು ಶತ್ರು ದಾರಿಯಲ್ಲಿತ್ತು. ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಗಳ ಚರ್ಮಕ್ಕೆ ತಗುಲಿ ಕಣಿವೆ ಕಣಿವೆಗಳನ್ನೇ ಬರಿದು ಮಾಡಿತು. ಮೀನು ತೆಗೆದ ಸರೋವರಗಳೂ ಅದರಿಂದ ಪಾರಾಗಲಿಲ್ಲ. ಹಾಗಾದರೆ ಮೀನು ತೆಗೆದುದು ವ್ಯರ್ಥವೆ? ಉತ್ತರ ಯೊಸೆಮಿಟಿಯಿಂದ ಬಂದಿತು. ಅಲ್ಲಿ 1991ರಲ್ಲೇ ಮೀನು ಬಿಡುವುದನ್ನು ನಿಲ್ಲಿಸಲಾಗಿತ್ತು. 20 ವರ್ಷಗಳ 7000ಕ್ಕೂ ಹೆಚ್ಚು ಸಮೀಕ್ಷೆಗಳನ್ನು ಒಟ್ಟುಗೂಡಿಸಿ ರೋಲಂಡ್ ನ್ಯಾಪ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ, ರೋಗವಿದ್ದರೂ ಕಪ್ಪೆಗಳು ಚೇತರಿಸಿಕೊಳ್ಳುತ್ತಿವೆ ಎಂದು ತೋರಿಸಿತು. ರೋಗವನ್ನು ತಾಳಿಕೊಂಡ ಕಪ್ಪೆಗಳನ್ನು ಬೇರೆ ಸರೋವರಗಳಿಗೆ ಒಯ್ದು ನೆಲೆಗೊಳಿಸಿದ ಫಲಿತಾಂಶಗಳು 2024ರಲ್ಲಿ ಬಂದವು. ಹಲವೆಡೆ ಅವು ಬೇರೂರಿವೆ. ರೋಗವನ್ನು ಮನುಷ್ಯ ತಡೆಯಲಾರ. ಆದರೆ ರೋಗ ಕಳೆದು ಉಳಿದವುಗಳಿಗೆ ಮರಳಿ ತುಂಬಿಕೊಳ್ಳಲು ಆಳವಾದ ನೀರು ಖಾಲಿ ಇರುವಂತೆ ನೋಡಿಕೊಳ್ಳಬಲ್ಲ.

ಗಾಳಗಾರರ ಆಕ್ಷೇಪಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. ತಾತಮುತ್ತಾತಂದಿರ ಕಾಲದಿಂದ ಬಂದ ಹವ್ಯಾಸ, ಬೇಸಿಗೆಯ ಪ್ರವಾಸಿಗರಿಂದ ಬದುಕುವ ತಪ್ಪಲಿನ ಊರುಗಳು, ಸಾವಿರಾರು ಮೀನುಗಳನ್ನು ಕೊಲ್ಲುವ ಕ್ರೌರ್ಯ — ಇವೆಲ್ಲ ನಿಜವಾದ ಪ್ರಶ್ನೆಗಳು. ಆದರೆ ಎಲ್ಲ ಸರೋವರಗಳಿಂದಲೂ ಮೀನನ್ನು ತೆಗೆಯಬೇಕೆಂದು ಯಾರೂ ಹೇಳುತ್ತಿಲ್ಲ. ತೆಗೆಯಲು ಸಾಧ್ಯವಿರುವುದು ಒಂದು ಸಣ್ಣ ಪಾಲಿನಿಂದ ಮಾತ್ರ: ಕಣಿವೆಯ ತಲೆಯಲ್ಲಿದ್ದು, ಕೆಳಗಿನ ಅಬ್ಬಿಯೇ ಬೇಲಿಯಾಗಿ ಮೀನು ಮತ್ತೆ ಏರದಂತೆ ತಡೆಯುವ ಸರೋವರಗಳು. ರಸ್ತೆಗೆ ಹತ್ತಿರದ, ಗಾಳಗಾರರು ಹೆಚ್ಚಾಗಿ ಹೋಗುವ ನೀರು ಟ್ರೌಟಿಗೇ ಇರಲಿ. ಹತ್ತರಲ್ಲಿ ಒಂದೆರಡನ್ನು ಮೊದಲಿನ ಒಡೆಯರಿಗೆ ಬಿಟ್ಟುಕೊಟ್ಟರೆ ಹವ್ಯಾಸ ಸಾಯುವುದಿಲ್ಲ. ಬಿಟ್ಟುಕೊಡದಿದ್ದರೆ ಒಂದು ಜೀವಜಾತಿ ಸಾಯಬಹುದು. ಯಾವ ದಡದಲ್ಲಿ ಯಾವ ಹುಳು ಏಳುತ್ತದೆ, ಯಾವ ನೀರಿನ ಮೀನು ಸೊರಗಿದೆ ಎಂಬುದನ್ನು ಬಲ್ಲ ಗಾಳಗಾರರೇ ಈ ಆಯ್ಕೆಯಲ್ಲಿ ಮುಂದೆ ನಿಲ್ಲಬೇಕು.

ನೀಲಗಿರಿಯಿಂದ ಮಲೆನಾಡಿಗೆ

ನೀಲಗಿರಿಗೆ ಟ್ರೌಟ್ ತರುವ ಯತ್ನ 1860ರ ದಶಕದಷ್ಟು ಹಳೆಯದು. ಭಾರತದ ಮೀನುಗಳ ಬಗ್ಗೆ ಮಹಾಗ್ರಂಥ ಬರೆದ ಫ್ರಾನ್ಸಿಸ್ ಡೇ ಆಗ ಯತ್ನಿಸಿ ವಿಫಲರಾದರು. 20ನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಯಶಸ್ವಿಯಾದರು, ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಬಂದಿತು, ಶೋಲಾಕಾಡಿನ ತೊರೆಗಳಲ್ಲಿ ರೇನ್‌ಬೋ ಟ್ರೌಟ್ ನೆಲೆಸಿತು. ಕರ್ನಾಟಕದ ಮಲೆನಾಡಿಗೆ ಟ್ರೌಟಿನ ಭಯವಿಲ್ಲ. ಇಲ್ಲಿನ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2000 ಮೀಟರ್ ಮುಟ್ಟುವುದಿಲ್ಲ. ಬೇಸಿಗೆಯ ಹೊಳೆ ಆ ಮೀನಿಗೆ ಬಿಸಿ.

ಆದರೆ ಬಿಸಿ ನೀರನ್ನು ಸಹಿಸುವ ಹೊರಗಿನ ಮೀನುಗಳು ಬೇಕಾದಷ್ಟಿವೆ. ಸೊಳ್ಳೆ ನಿಯಂತ್ರಣಕ್ಕೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯಾ ಸೊಳ್ಳೆಮರಿಯ ಜೊತೆಗೆ ಗೊದಮೊಟ್ಟೆಯನ್ನೂ ಕಚ್ಚಿ ಕೊಲ್ಲುತ್ತದೆ. 1952ರಲ್ಲಿ ಬಂದ ತಿಲಾಪಿಯಾ ಕೆರೆಗಳಿಂದ ನದಿಗಳಿಗೆ ಹಬ್ಬಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿದರೂ ಅದು ನೀರಿನಿಂದ ಮರೆಯಾಗಿಲ್ಲ. ಇವುಗಳನ್ನು ಮಲೆನಾಡಿನ ಹೊಂಡಕ್ಕೆ ತಂದು ಸುರಿಯಲು ವಿಮಾನ ಬೇಕಿಲ್ಲ, ಒಂದು ಪ್ಲಾಸ್ಟಿಕ್ ಕೊಡ ಸಾಕು.

ಮಳೆಗಾಲದ ಹತ್ತುಮೀನನ್ನು ಬಲ್ಲ ಹಳ್ಳಿಗರಿಗೆ, ಮೀನು ಎಲ್ಲಿಯವರೆಗೆ ಏರುತ್ತದೆ, ಯಾವ ಅಬ್ಬಿಯ ಕೆಳಗೆ ನಿಲ್ಲುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಬ್ಬಿಯ ಮೇಲಿನ ಹಳ್ಳ, ಹುಲ್ಲುಗಾವಲಿನ ಗುಂಡಿ, ಜಂಬಿಟ್ಟಿಗೆ ಬಯಲಿನ ಮಳೆಹೊಂಡ ಇವು ಬರಿದಾದ ನೀರಲ್ಲ. ಮೊಟ್ಟೆಗಳಿಗೆ ಕೆಸರು ಮೆತ್ತಿ ಕಾಯುವ ಕುಂಬಾರ ಕಪ್ಪೆ ಉತ್ತರ ಕನ್ನಡದ ತೊರೆಗಳಲ್ಲಿದ್ದು, ವಿಜ್ಞಾನಕ್ಕೆ ಪರಿಚಯವಾದುದು 2014ರಲ್ಲಿ. ಇಂಥ ನೀರಿಗೆ ಮೀನು ಬಿಡುವ ಯೋಜನೆ ಬಂದಾಗ ಗ್ರಾಮಸಭೆ ಮೊದಲು ಕೇಳಬೇಕಾದ ಪ್ರಶ್ನೆ, ಅಲ್ಲಿ ಈಗ ಯಾರಿದ್ದಾರೆ ಎಂಬುದು. ಉತ್ತರ ಕೊಡಲು ದಾಖಲೆ ಬೇಕು. ಸಿಯೆರಾದಲ್ಲಿ 1924ರ ಪುಸ್ತಕವಿದ್ದುದರಿಂದಲೇ ಕಳೆದುದೇನೆಂದು ತಿಳಿಯಿತು. ಇಲ್ಲಿನ ವಿದ್ಯಾರ್ಥಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಮ್ಮ ಊರಿನ ಒಂದೊಂದು ಗುಂಡಿಯನ್ನು ವಾರಕ್ಕೊಮ್ಮೆ ನೋಡಿ, ಗೊದಮೊಟ್ಟೆ, ಕಪ್ಪೆ, ನೀರಹುಳುಗಳನ್ನು ತಾರೀಖಿನೊಡನೆ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಆ ಬರಹಕ್ಕೆ ಜಾಗವಿದೆ. ಮೀನಿನ ಕೊಡ ಬರುವ ಮೊದಲು ಆ ಪುಟ ತುಂಬಿರಬೇಕು.