ದೊಡ್ಡ ಹೋಟೆಲು ಮತ್ತು ನಾವು

‘ಅತಿಥಿ’ ಎಂಬ ಶಬ್ದಕ್ಕೆ ನಮ್ಮ ಹಿರಿಯರು ಹೇಳುತ್ತಿದ್ದ ಅರ್ಥ ಸೊಗಸಾದುದು. ತಿಥಿ ಗೊತ್ತುಮಾಡದೆ, ಹೇಳದೆ ಕೇಳದೆ ಬಂದವನು ಅತಿಥಿ. ಅಂಥವನು ಹೊತ್ತಲ್ಲದ ಹೊತ್ತಿನಲ್ಲಿ ಬಂದರೂ ಕಾಲಿಗೆ ನೀರು ಕೊಟ್ಟು, ಮನೆಯಲ್ಲಿದ್ದ ರಾಗಿಮುದ್ದೆಯನ್ನೇ ಹಂಚಿಕೊಂಡು ಉಣ್ಣುವುದು ತಳಿ, ಡೆಂಕಣಿಕೋಟೆ, ಕೆಲಮಂಗಲದ ಕಡೆಯ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಪದ್ಧತಿ. ನಗರದ ಹೋಟೆಲಿನ ಅತಿಥಿಯ ಮಾತೇ ಬೇರೆ. ಅವನಿಗೆ ತಿಥಿ ಮಾತ್ರವಲ್ಲ, ಗಳಿಗೆಯೂ ಗೊತ್ತಾಗಿರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಒಳಗೆ, ಮಾರನೆಯ ದಿನ ಹನ್ನೊಂದಕ್ಕೋ ಹನ್ನೆರಡಕ್ಕೋ ಹೊರಗೆ. ಆದರೂ ಹೋಟೆಲಿನವರು ಅವನನ್ನು ಅತಿಥಿ ಎಂದೇ ಕರೆಯುತ್ತಾರೆ, ಗಿರಾಕಿ ಎನ್ನುವುದಿಲ್ಲ. ದುಡ್ಡು ಕೊಟ್ಟು ಅತಿಥಿಯಾಗುವ ಈ ವಿಚಿತ್ರವನ್ನು ಕುರಿತು ಎರಡು ಮಾತು ಬರೆಯಬೇಕೆಂದು ನಮಗೆ ಬಹುದಿನಗಳಿಂದ ಅನ್ನಿಸುತ್ತಿತ್ತು.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಹೋಟೆಲಿನ ವಿಷಯವೇಕೆ ಎಂದು ಹಿರಿಯರು ಕೇಳಬಹುದು. ಕಾರಣವಿದೆ. ನಮ್ಮ ಹೊಸೂರಿಗೂ ಬೆಂಗಳೂರಿಗೂ ಇರುವ ದೂರ ನಲವತ್ತು ಕಿಲೋಮೀಟರು. 1970ರ ದಶಕದಲ್ಲಿ ಇಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದ ಮೇಲೆ ಕಾರ್ಖಾನೆಗಳು ಬಂದವು, ಕಾರ್ಖಾನೆಗಳನ್ನು ನೋಡಲು ಬರುವವರಿಗಾಗಿ ಹೋಟೆಲುಗಳೂ ಬಂದವು. ಬೆಳಗಿನ ಬಸ್ಸಿನಲ್ಲಿ ಅತ್ತಿಬೆಲೆ ದಾಟಿ ಕೆಲಸಕ್ಕೆ ಹೋಗುವವರಲ್ಲಿ ನಮ್ಮ ಪೋಷಕರೂ ಇದ್ದಾರೆ. ಇಂದು ಈ ಪುಟ ಓದುತ್ತಿರುವ ಮಕ್ಕಳಲ್ಲಿ ಕೆಲವರು ಮುಂದೆ ದೊಡ್ಡ ಹೋಟೆಲಿನೊಳಗೆ ಅತಿಥಿಗಳಾಗಿ ಹೋಗುತ್ತಾರೆ. ಕೆಲವರು ಕೆಲಸಗಾರರಾಗಿ ಹೋಗುತ್ತಾರೆ. ಕೆಲವರು ಆ ಗಾಜಿನ ಬಾಗಿಲನ್ನೂ ಪೇಟ ಸುತ್ತಿದ ಕಾವಲುಗಾರನನ್ನೂ ನೋಡಿ ‘ಇದು ನಮ್ಮಂಥವರಿಗಲ್ಲ’ ಎಂದು ರಸ್ತೆಯ ಆಚೆ ಬದಿಗೆ ಸರಿಯುತ್ತಾರೆ. ಈ ಮೂರನೆಯವರ ಅಂಜಿಕೆಯೇ ನಮ್ಮನ್ನು ಬರೆಯಲು ಹಚ್ಚಿದ್ದು.

ನಮ್ಮ ಮಾತಿನಲ್ಲಿ ಹೋಟೆಲು ಎಂದರೆ ಇಡ್ಲಿ, ವಡೆ, ಕಾಫಿ ಸಿಗುವ ಜಾಗ. ಮಲಗುವ ಜಾಗಕ್ಕೆ ಹಿಂದೆ ಛತ್ರ ಎನ್ನುತ್ತಿದ್ದರು, ಆಮೇಲೆ ಲಾಡ್ಜು ಎಂದರು. ಬೆಂಗಳೂರಿನ ರೈಲು ನಿಲ್ದಾಣದಿಂದ ಹೊರಬಂದವರಿಗೆ ಗುಬ್ಬಿ ತೋಟದಪ್ಪನವರ ಛತ್ರ ಗೊತ್ತಿರದೆ ಇರದು. ವ್ಯಾಪಾರದಲ್ಲಿ ಗಳಿಸಿದ ಹಣವನ್ನು ದಾರಿಹೋಕರ ವಸತಿಗೂ ವಿದ್ಯಾರ್ಥಿಗಳ ನಿಲಯಕ್ಕೂ ವಿನಿಯೋಗಿಸಿದ ಆ ಪುಣ್ಯಾತ್ಮರ ಛತ್ರವು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಉದ್ಘಾಟನೆಯಾಯಿತು. ಅದೇ 1903ನೆಯ ಇಸವಿಯ ಡಿಸೆಂಬರಿನಲ್ಲಿ ಮುಂಬಯಿಯ ಸಮುದ್ರತೀರದಲ್ಲಿ ಜಮ್‌ಶೆಟ್‌ಜಿ ಟಾಟಾರವರ ತಾಜ್ ಮಹಲ್ ಹೋಟೆಲು ಬಾಗಿಲು ತೆರೆಯಿತು. ಒಂದೇ ವರ್ಷ, ಎರಡು ಊರು, ಎರಡು ಬಗೆಯ ಆತಿಥ್ಯ! ಬಿಳಿಯರ ಹೋಟೆಲೊಂದರಲ್ಲಿ ಟಾಟಾರವರಿಗೆ ಪ್ರವೇಶ ನಿರಾಕರಿಸಿದ್ದರಿಂದ ಅವರು ಹಟತೊಟ್ಟು ತಾಜನ್ನು ಕಟ್ಟಿಸಿದರೆಂಬ ಕಥೆಯೊಂದು ಪ್ರಚಾರದಲ್ಲಿದೆ. ಇತಿಹಾಸಕಾರರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. ಕಥೆ ಸುಳ್ಳೇ ಇರಲಿ, ಜನ ಅದನ್ನು ನೂರು ವರ್ಷ ನಂಬಿಕೊಂಡು ಬಂದರೆಂಬುದರಲ್ಲಿಯೇ ಒಂದು ನಿಜವಿದೆ. ಹೋಟೆಲಿನ ಬಾಗಿಲಲ್ಲಿ ಆಗುವ ಅವಮಾನ ಏನೆಂಬುದು ಆ ಜನಕ್ಕೆ ಗೊತ್ತಿತ್ತು.

ಬೆಂಗಳೂರಿನಲ್ಲಿ ವೆಸ್ಟ್ ಎಂಡ್ ಎಂಬ ಹೋಟೆಲು 1887ರಿಂದಲೇ ಇದೆ. ದಂಡಿನ ಪ್ರದೇಶದ ಬಿಳಿಯರಿಗಾಗಿ ಆಂಗ್ಲ ಮಹಿಳೆಯೊಬ್ಬರು ಕೆಲವೇ ಕೊಠಡಿಗಳ ವಸತಿಗೃಹವಾಗಿ ಆರಂಭಿಸಿದ್ದು ಅದು. ಆದರೆ ಕನ್ನಡ ನಾಡಿನವರ ಹೋಟೆಲ್ ಚರಿತ್ರೆಯನ್ನು ತಿಳಿಯಬೇಕಾದರೆ ನಾವು ಮದ್ರಾಸಿನ ಕಡೆಗೆ ನೋಡಬೇಕು. ದಕ್ಷಿಣ ಕನ್ನಡದ ಕಡಂದಲೆಯಿಂದ ಮದ್ರಾಸಿಗೆ ಬಂದು, ಅಡುಗೆಮನೆಯ ಕೆಲಸದಿಂದ ಜೀವನ ಶುರುಮಾಡಿದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಊಟ ತಿಂಡಿಯ ಜೊತೆಗೆ ತಂಗಲು ಕೊಠಡಿ. ಬಿಳಿಯರ ರೀತಿನೀತಿ ಬಾರದ ಗೃಹಸ್ಥನೂ ಹೆಂಡತಿ ಮಕ್ಕಳೊಡನೆ ಸಂಕೋಚವಿಲ್ಲದೆ ಇಳಿದುಕೊಳ್ಳಬಹುದಾದ ಶುಭ್ರವಾದ ಜಾಗ. 1962ರಲ್ಲಿ ಅವರು ಆರಂಭಿಸಿದ ‘ಡ್ರೈವ್ ಇನ್’ 2008ರಲ್ಲಿ ಮುಚ್ಚಿತು. ಅದು ಇದ್ದ ನೆಲದಲ್ಲಿ ಈಗ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ತಮಿಳುನಾಡಿನಲ್ಲಿ ಕನ್ನಡ ಕಲಿಯುವ ನಮ್ಮ ಮಕ್ಕಳು ಕೃಷ್ಣರಾಯರ ಹೆಸರನ್ನು ತಿಳಿದಿರುವುದು ಒಳ್ಳೆಯದು. ಪಾತ್ರೆ ತೊಳೆದ ಕೈಯಿಂದಲೇ ಹೋಟೆಲಿನ ಬೀಗದ ಕೈ ಹಿಡಿದವರು ಅವರು.

ಛತ್ರಗಳ ಕಾಲವೇ ಚೆನ್ನಾಗಿತ್ತು, ಈಗ ಎಲ್ಲವೂ ದುಡ್ಡು ಎಂದು ಹಳಬರು ಹೇಳುವುದುಂಟು. ನಾವು ಇದನ್ನು ಪೂರ್ತಿ ಒಪ್ಪಲಾರೆವು. ಹಳೆಯ ಛತ್ರಗಳಲ್ಲಿ ಎಷ್ಟೋ ಒಂದೊಂದು ಜಾತಿಗೆ ಮೀಸಲಾಗಿದ್ದವು. ಹೋಟೆಲುಗಳಲ್ಲಿಯೂ, ರೈಲು ನಿಲ್ದಾಣಗಳ ಊಟದ ಕೋಣೆಗಳಲ್ಲಿಯೂ ಇಂಥವರಿಗೆ ಇಂಥ ಕಡೆ ಎಂಬ ಫಲಕ ತೂಗಾಡುತ್ತಿದ್ದುದನ್ನು ಕಂಡವರು ಮೊನ್ನೆ ಮೊನ್ನೆಯವರೆಗೂ ನಮ್ಮ ನಡುವೆ ಇದ್ದರು. ಕಾಫಿ ಕುಡಿದ ಲೋಟವನ್ನು ತಾನೇ ತೊಳೆದು ಗೋಡೆಯ ಗೂಟಕ್ಕೆ ಸಿಕ್ಕಿಸಿ ಬರಬೇಕಾದವನಿಗೆ ಛತ್ರದ ಕಾಲ ಚೆನ್ನಾಗಿತ್ತು ಎನ್ನಲು ಬಾಯಿ ಬಂದೀತೇ? ನಮ್ಮ ಸಂವಿಧಾನದ 15ನೆಯ ವಿಧಿಯನ್ನು ಸಮಾಜ ವಿಜ್ಞಾನದ ಪಾಠದಲ್ಲಿ ಮಕ್ಕಳು ಓದುತ್ತಾರೆ. ಅದರ ಎರಡನೆಯ ಖಂಡದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು ಇವುಗಳ ಹೆಸರು ಸ್ಪಷ್ಟವಾಗಿ ಬಂದಿದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣದಿಂದ ಯಾವ ನಾಗರಿಕನನ್ನೂ ಅಲ್ಲಿ ತಡೆಯುವಂತಿಲ್ಲ. ದೇಶದ ಪರಮ ಶಾಸನದಲ್ಲಿ ಬಾವಿ, ಕೆರೆಗಳ ಜೊತೆಗೆ ಹೋಟೆಲೂ ಸೇರಬೇಕಾಯಿತೆಂದರೆ, ಆ ಬಾಗಿಲಲ್ಲಿ ಎಷ್ಟು ಜನ ತಡೆಯಲ್ಪಟ್ಟಿರಬೇಕು! ಆದುದರಿಂದ ಮಕ್ಕಳೇ, ದೊಡ್ಡ ಹೋಟೆಲಿನ ಬಾಡಿಗೆ ನಮ್ಮ ಶಕ್ತಿಗೆ ಮೀರಿದ್ದಿರಬಹುದು. ಆದರೆ ಅದು ನಮ್ಮಂಥವರಿಗಲ್ಲ ಎಂಬುದು ಮಾತ್ರ ಸರಿಯಲ್ಲ. ಮೊದಲನೆಯದು ಲೆಕ್ಕದ ಮಾತು, ಎರಡನೆಯದು ಮಾನದ ಮಾತು.

ಕೆಲವು ವರ್ಷಗಳ ಹಿಂದೆ ಶಿಕ್ಷಕರ ಕಾರ್ಯಾಗಾರವೊಂದರ ನಿಮಿತ್ತ ನಾವು ನಾಲ್ವರು ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಎರಡು ರಾತ್ರಿ ತಂಗಿದ್ದೆವು. ಹೆಸರು ಬೇಡ. ಖರ್ಚು ಕಾರ್ಯಾಗಾರ ನಡೆಸಿದವರದು. ಮೇಷ್ಟರ ಸಂಬಳಕ್ಕೆ ನಿಲುಕುವ ಜಾಗ ಅದಲ್ಲ. ಬಾಗಿಲಲ್ಲಿ ಹೆಸರು ಬರೆಸುವಾಗ ನಾವು ಕನ್ನಡದಲ್ಲಿ ಕೇಳಿದರೆ, ಎದುರಿಗಿದ್ದ ತರುಣ ಇಂಗ್ಲಿಷಿನಲ್ಲಿ ಉತ್ತರಿಸಿದ. ಮತ್ತೆ ಕನ್ನಡದಲ್ಲಿ ಕೇಳಿದೆವು, ಮತ್ತೆ ಇಂಗ್ಲಿಷು. ಪೆಟ್ಟಿಗೆ ಹೊರುವ ಹುಡುಗನಿಗೆ ಮಾತ್ರ ಅಚ್ಚ ಕನ್ನಡದಲ್ಲಿ ‘ಲೇ, ಬೇಗ ತಗೊಂಡು ಹೋಗೋ’ ಎಂದ. ನಮಗೆ ಇಂಗ್ಲಿಷ್ ಬಾರದೆಂದಲ್ಲ. ಆ ತರುಣನ ತಪ್ಪೂ ಅಲ್ಲ, ಅವನಿಗೆ ಕೊಟ್ಟ ತರಬೇತಿ ಹಾಗೆ. ಅತಿಥಿಗೆ ಇಂಗ್ಲಿಷು, ಆಳಿಗೆ ಕನ್ನಡ ಎಂಬ ಈ ವಿಂಗಡಣೆ ನಮಗೆ ರುಚಿಸಲಿಲ್ಲ. ಎರಡು ದಿನವೂ ಪಟ್ಟುಬಿಡದೆ ಕನ್ನಡದಲ್ಲೇ ಮಾತನಾಡಿದೆವು. ಹೊರಡುವ ದಿನ ಆತನೇ ‘ಊಟ ಆಯ್ತಾ ಸಾರ್?’ ಎಂದು ಕೇಳಿದಾಗ ಅವನ ಮುಖ ಬೇರೆಯಾಗಿಯೇ ಕಂಡಿತು.

ಕೊಠಡಿಯ ವೈಭವವನ್ನು ವಿಸ್ತರಿಸುವುದಿಲ್ಲ. ಕಾರ್ಡನ್ನು ಗೋಡೆಯ ಸೀಳಿಗೆ ಸಿಕ್ಕಿಸಿದರೆ ದೀಪ ಹತ್ತುತ್ತದೆ, ತೆಗೆದರೆ ಎಲ್ಲವೂ ಆರುತ್ತದೆ. ವಿದ್ಯುತ್ತನ್ನು ಉಳಿಸಲು ಇದು ಒಳ್ಳೆಯ ಉಪಾಯ, ನಮ್ಮ ಶಾಲೆಯ ಕೊಠಡಿಗಳಿಗೂ ಬೇಕಾದುದು! ಒಬ್ಬನಿಗೆ ನಾಲ್ಕು ದಿಂಬು ಏತಕ್ಕೋ ತಿಳಿಯಲಿಲ್ಲ.

ನೆನಪಿನಲ್ಲಿ ಉಳಿದುದು ಕೊಠಡಿ ಶುಚಿಮಾಡಲು ಬಂದ ಹೆಣ್ಣುಮಗಳ ಮಾತು. ಯಾವೂರಮ್ಮ ಎಂದು ಕೇಳಿದೆವು.

“ತಳಿ ಹತ್ರ ಸಾರ್. ನೀವೂ ನಮ್ ಕಡೆಯೋರೇ ಅಲ್ವಾ? ಮಾತಲ್ಲೇ ಗೊತ್ತಾಯ್ತು.”

ದಿನಕ್ಕೆ ಹದಿನಾಲ್ಕು ಕೊಠಡಿ ಆಕೆಯ ಪಾಲು. ಹಾಸಿಗೆಯ ಅಂಚನ್ನು ಎತ್ತಿ ಎತ್ತಿ ಸೊಂಟ ಹಿಡಿದುಹೋಗುತ್ತದೆಂದಳು. ಅತಿಥಿಗಳು ಹೇಗೆ ಎಂದರೆ, “ಬಯ್ಯೋರು ಕಮ್ಮಿ ಸಾರ್. ಆದ್ರೆ ನಮ್ಮನ್ನ ನೋಡೋದೇ ಇಲ್ಲ. ನಾವು ರೂಮಲ್ಲಿದ್ರೂ ಯಾರೂ ಇಲ್ಲ ಅನ್ನೋ ಹಂಗೆ ಇರ್ತಾರೆ” ಎಂದಳು. ನಾವು ಮೇಷ್ಟರೆಂದು ತಿಳಿದ ಮೇಲೆ ಮಗಳ ವಿಷಯ ತೆಗೆದಳು. ಹುಡುಗಿ ಒಂಬತ್ತನೆಯ ತರಗತಿ, ಓದಿನಲ್ಲಿ ಚುರುಕು. “ಸ್ಕೂಲಲ್ಲಿ ನಮ್ಮಮ್ಮ ಆಫೀಸಲ್ಲಿ ಕೆಲ್ಸ ಮಾಡ್ತಾಳೆ ಅಂತ ಹೇಳವ್ಳೆ ಸಾರ್. ನಾನೂ ಹೌದು ಅಂತ ಹೇಳಿಬಿಟ್ಟಿವ್ನಿ.” ಹೀಗೆ ಹೇಳಿ ನಕ್ಕಳು. ನಮಗೆ ನಗು ಬರಲಿಲ್ಲ.

ಆ ಮಗುವನ್ನು ನಾವು ದೂರುವುದಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಗೆಳತಿಯರ ಮುಂದೆ ಚಿಕ್ಕವಳಾಗಲು ಯಾರಿಗೆ ಇಷ್ಟ? ತರಗತಿಯಲ್ಲಿ ಅರ್ಜಿ ತುಂಬಿಸುವಾಗ ‘ತಂದೆ ತಾಯಿಯ ಉದ್ಯೋಗ’ ಎಂಬ ಸಾಲನ್ನು ಗಟ್ಟಿಯಾಗಿ ಕೇಳಿ ಬರೆದುಕೊಳ್ಳುವ ಅಭ್ಯಾಸ ಕೆಲವೆಡೆ ಇದೆ. ಅದು ನಿಲ್ಲಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಒಬ್ಬ ಮಗು ‘ಮ್ಯಾನೇಜರು’ ಎಂದು ಎದೆಯುಬ್ಬಿಸಿ ಹೇಳಿದ ಮೇಲೆ ಮುಂದಿನ ಮಗು ‘ಹೋಟೆಲಲ್ಲಿ ಕಸ ಗುಡಿಸೋದು’ ಎಂದು ಹೇಗೆ ಹೇಳೀತು? ಆದರೆ ಬರೀ ಮುಚ್ಚಿಡುವುದರಿಂದ ಮುಗಿಯುವುದೂ ಇಲ್ಲ. ಆ ತಾಯಿ ನಮ್ಮ ಕಣ್ಣೆದುರು ಒಂದೇ ಬೀಸಿಗೆ ಹಾಸಿಗೆಯ ಮೇಲೆ ಬಿಳಿ ಹೊದಿಕೆಯನ್ನು ಹರಡಿ, ನಾಲ್ಕು ಮೂಲೆಗಳನ್ನೂ ಕಾಗದ ಮಡಿಸಿದಂತೆ ಮಡಿಸಿ ಒಳಸೇರಿಸಿದ್ದನ್ನು ಕಂಡೆವು. ಒಂದು ಸುಕ್ಕಿಲ್ಲ. ಅದು ಒಂದು ವಿದ್ಯೆ. ಇದನ್ನೇ ಹೋಟೆಲ್ ನಿರ್ವಹಣಾ ಸಂಸ್ಥೆಗಳಲ್ಲಿ ಪಾಠವಾಗಿ ಕಲಿಸುತ್ತಾರೆ. ಹನ್ನೆರಡನೆಯ ತರಗತಿ ಮುಗಿಸಿದವರು ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಚೆನ್ನೈ, ಬೆಂಗಳೂರುಗಳಲ್ಲಿರುವ ಸರ್ಕಾರಿ ಸಂಸ್ಥೆಗಳಿಗೆ ಸೇರಬಹುದು. ಅಲ್ಲಿ ಕಲಿತವನಿಗೆ ಪದವಿ, ಅದನ್ನೇ ಕೈಯಿಂದ ಮಾಡುವ ತಾಯಿಗೆ ನಾಚಿಕೆ ಎಂದರೆ ನ್ಯಾಯವೇ?

2008ರ ನವೆಂಬರ್ 26ರಂದು ಮುಂಬಯಿಯ ತಾಜ್ ಹೋಟೆಲಿಗೆ ಭಯೋತ್ಪಾದಕರು ನುಗ್ಗಿದ್ದನ್ನು ಪೋಷಕರು ಮರೆತಿರಲಾರರು. ಅತಿಥಿಗಳಿಗೆ ಹಿಂಬಾಗಿಲು ಯಾವುದೆಂದು ತಿಳಿಯದು. ಅಡುಗೆಯವರು, ಬಡಿಸುವವರು, ಕೊಠಡಿ ನೋಡಿಕೊಳ್ಳುವವರಿಗೆ ಪ್ರತಿಯೊಂದು ಓಣಿಯೂ ಗೊತ್ತು. ಅವರು ಮೊದಲು ಹೊರಟುಹೋಗಬಹುದಿತ್ತು. ಹೋಗದೆ ಅತಿಥಿಗಳನ್ನು ಅಡಗಿಸಿ, ದಾರಿ ತೋರಿಸಿ, ತಾವು ಹಿಂದೆ ಉಳಿದರು. ಅವರಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಅದೇ ಹೋಟೆಲಿನೊಳಗೆ ಹೋರಾಡುತ್ತ ಮಡಿದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೆ ಅಶೋಕ ಚಕ್ರ ಸಂದಿತು, ಅವರ ಹೆಸರು ಮಕ್ಕಳಿಗೆ ಗೊತ್ತಿದೆ. ಹಾಗೆ ಮಡಿದ ಅಡುಗೆಯವರ ಹೆಸರು ನಮಗೆಷ್ಟು ಮಂದಿಗೆ ಗೊತ್ತು? ದಿನವೂ ಎದುರಿಗಿದ್ದರೂ ಕಣ್ಣಿಗೆ ಬೀಳದ ಜನ ಆ ರಾತ್ರಿ ಅತಿಥಿಯ ಪ್ರಾಣಕ್ಕೆ ಕಾವಲು ನಿಂತರು.

ಹೋಟೆಲಿನಲ್ಲಿ ಉಳಿದು ಬಂದವರು ಈಗೀಗ ಅದಕ್ಕೆ ಅಂಕ ಕೊಡುತ್ತಾರೆ. ಕಾಫಿ ತಣ್ಣಗಿತ್ತು, ಟವೆಲು ತಡವಾಯಿತು, ಐದಕ್ಕೆ ಮೂರು ಅಂಕ. ಅಂಕ ಕೊಡುವುದು ನಮ್ಮ ಕಸುಬು, ಆದುದರಿಂದ ಅದರ ಕಷ್ಟ ನಮಗೆ ಗೊತ್ತು. ಅತಿಥಿಗೂ ಯಾರಾದರೂ ಅಂಕ ಕೊಟ್ಟರೆ ಹೇಗಿರುತ್ತದೆ? ಬಿಸಿನೀರಿನ ನಲ್ಲಿಯನ್ನು ಬಿಟ್ಟು ಹೋದವನು, ಒಗೆದ ಟವೆಲಿನಲ್ಲಿ ಬೂಟು ಒರೆಸಿದವನು, ರಾತ್ರಿ ಎರಡು ಗಂಟೆಯಲ್ಲಿ ಓಣಿಯಲ್ಲಿ ಕೂಗಾಡಿದವನು, ತಟ್ಟೆ ತುಂಬ ಬಡಿಸಿಕೊಂಡು ಅರ್ಧ ಚೆಲ್ಲಿದವನು ಎಷ್ಟು ಮಂದಿ ತೇರ್ಗಡೆಯಾದಾರು? ಸೌಕರ್ಯ ಸರಿಯಿಲ್ಲದಿದ್ದರೆ ಕೇಳುವ ಹಕ್ಕು ಖಂಡಿತ ಇದೆ. ಬಿಲ್ಲನ್ನು ಸಾಲು ಸಾಲಾಗಿ ಓದಿಯೇ ದುಡ್ಡು ಕೊಡಬೇಕು. ಊಟದ ಬಿಲ್ಲಿಗೆ ತಾನಾಗಿಯೇ ‘ಸೇವಾ ಶುಲ್ಕ’ ಸೇರಿಸುವುದು ಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಸೂಚಿಸಿದೆ. 2025ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ ಆ ಸೂಚನೆಯನ್ನು ಎತ್ತಿಹಿಡಿಯಿತು. ಅದನ್ನು ಬೇಡವೆಂದು ಧೈರ್ಯವಾಗಿ ಹೇಳಬಹುದು. ಆದರೆ ಹೇಳುವುದನ್ನು ಆ ಬಿಲ್ಲು ತಂದುಕೊಟ್ಟ ಹುಡುಗನ ಮೇಲೆ ರೇಗಾಡಿ ಹೇಳಬೇಕಿಲ್ಲ. ಬಿಲ್ಲು ಬರೆದವನು ಅವನಲ್ಲ.

ನಮ್ಮದೊಂದು ಸಲಹೆಯನ್ನು ಪೋಷಕರ ಮುಂದಿಡುತ್ತೇವೆ. ಶಾಲೆಗೆ ಡಾಕ್ಟರು, ಪೊಲೀಸ್ ಅಧಿಕಾರಿಗಳು ಬಂದು ಮಕ್ಕಳೊಡನೆ ಮಾತನಾಡುವುದುಂಟು. ಮುಂದಿನ ವರ್ಷ ಹೋಟೆಲಿನ ಕೆಲಸದಲ್ಲಿರುವ ತಂದೆತಾಯಂದಿರು ಒಂದು ಶನಿವಾರ ಬರಲಿ. ನೂರು ಜನಕ್ಕೆ ಇಡ್ಲಿ ಹಿಟ್ಟು ಎಷ್ಟು ಬೇಕು, ರಾತ್ರಿ ಪಾಳಿಯಲ್ಲಿ ನಿದ್ದೆ ಹೇಗೆ ತಡೆಯುತ್ತಾರೆ, ಹದಿನಾಲ್ಕು ಕೊಠಡಿಯನ್ನು ಒಂದು ಪಾಳಿಯಲ್ಲಿ ಮುಗಿಸುವ ಲೆಕ್ಕ ಏನು ಎಂಬುದನ್ನು ಮಕ್ಕಳಿಗೆ ಹೇಳಲಿ. ಭಾಷಣ ಬೇಡ. ಬಿಳಿ ಹೊದಿಕೆಯೊಂದನ್ನು ತಂದು ಮೇಜಿನ ಮೇಲೆ ಹಾಸಿ ತೋರಿಸಿದರೂ ಸಾಕು. ಕನ್ನಡದಲ್ಲಿ ಹೇಳಲಿ, ತಮಿಳಿನಲ್ಲಿಯೋ ತೆಲುಗಿನಲ್ಲಿಯೋ ಹೇಳಿದರೂ ಅಡ್ಡಿಯಿಲ್ಲ, ನಮ್ಮ ಮಕ್ಕಳಿಗೆ ಮೂರೂ ಬರುತ್ತವೆ. ಬರಲು ಒಪ್ಪುವವರು ತರಗತಿಯ ಶಿಕ್ಷಕರಿಗೆ ಒಂದು ಮಾತು ತಿಳಿಸಿದರೆ, ಅವರ ಪಾಳಿ ಇಲ್ಲದ ದಿನವನ್ನೇ ಗೊತ್ತುಮಾಡುತ್ತೇವೆ.