ಸತ್ತವರು ಬಸ್ ಪ್ರಯಾಣಿಕರು

ಎರಡು ವರ್ಷದ ಹಿಂದೆ, ನನ್ನ ಪಿಎಚ್.ಡಿ. ಪ್ರಗತಿ ನೋಡಲು ಕೂತಿದ್ದ ಸಮಿತಿಯ ಮುಂದೆ ಇಪ್ಪತ್ತು ಸ್ಲೈಡ್ ಇಟ್ಟುಕೊಂಡು ನಿಂತಿದ್ದೆ. ವಿಷಯ ಬೆಂಗಳೂರಿನ ನಗರ ಸಾರಿಗೆ. ಹದಿನಾಲ್ಕನೆಯ ಸ್ಲೈಡಿನಲ್ಲಿ ಬಸ್ ನಿಲ್ದಾಣದ ಎದುರು ರಸ್ತೆ ದಾಟುವಾಗ ಜೀವ ಕಳೆದುಕೊಂಡವರ ವಿಚಾರ ಇತ್ತು. ಹಿರಿಯ ಸದಸ್ಯರೊಬ್ಬರು ಅಲ್ಲೇ ತಡೆದರು. "ಇದು ಪಾದಚಾರಿಗಳ ಸಮಸ್ಯೆ. ನಿಮ್ಮ ವಿಷಯ ಬಸ್ಸು. ಇದನ್ನ ತೆಗೆದುಬಿಡಿ, ಥೀಸಿಸ್ ಮುಗಿಯಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ತಲೆಯಾಡಿಸಿ ಆ ಸ್ಲೈಡ್ ತೆಗೆದೆ. ಆವತ್ತು ಹೇಳಬೇಕಿದ್ದನ್ನು ಈಗ ಹೇಳುತ್ತಿದ್ದೇನೆ.

ಬಸ್ಸಿನಲ್ಲಿ ಓಡಾಡುವವರಿಗೆ ಗೊತ್ತಿರುವ, ಬಸ್ಸಿನ ಬಗ್ಗೆ ಬರೆಯುವವರು ಮರೆಯುವ ಒಂದು ಸಣ್ಣ ಸಂಗತಿಯಿದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಬಸ್ ಹತ್ತುವುದು ರಸ್ತೆಯ ಒಂದು ಬದಿಯಲ್ಲಿ. ಸಂಜೆ ಬಂದು ಇಳಿಯುವುದು ಅದರ ಎದುರು ಬದಿಯಲ್ಲಿ. ಕೆಲಸದ ಜಾಗದಲ್ಲೂ ಹೀಗೆಯೇ. ಅಂದರೆ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವ ಯಾರೇ ಆಗಲಿ, ದಿನಕ್ಕೆ ಎರಡು ಸಲವಾದರೂ ಬಸ್ ಓಡುವ ದೊಡ್ಡ ರಸ್ತೆಯನ್ನು ದಾಟಲೇಬೇಕು. ಟಿಕೆಟ್ ತೆಗೆದುಕೊಳ್ಳುವುದು ಪ್ರಯಾಣದ ಭಾಗವಾದರೆ ರಸ್ತೆ ದಾಟುವುದೂ ಅದರ ಭಾಗವೇ. ಹಾಗೆ ದಾಟುವಾಗ ಸತ್ತವರು ಬಸ್ ಪ್ರಯಾಣಿಕರು. ಆದರೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಅವರು ಪಾದಚಾರಿಗಳು ಮಾತ್ರ.

ಇದು ಬರೀ ಪದದ ಜಗಳವಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ಪಾದಚಾರಿಗಳು. ಇವರಲ್ಲಿ ಬಸ್ಸಿಗೆಂದು ಹೊರಟವರು ಎಷ್ಟು, ಬಸ್ಸಿಳಿದು ಮನೆಗೆ ನಡೆಯುತ್ತಿದ್ದವರು ಎಷ್ಟು ಎಂಬ ಕಾಲಂ ಆ ವರದಿಯಲ್ಲಿ ಇಲ್ಲ. ನನ್ನ ಅಧ್ಯಯನಕ್ಕಾಗಿ ಓದಿದ ಎಫ್‌ಐಆರ್‌ಗಳಲ್ಲೂ ಅದೇ ಕಥೆ. "ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು" ಎಂಬ ಸಾಲು ಅಚ್ಚು ಹೊಡೆದ ಹಾಗೆ ಪ್ರತಿಯೊಂದರಲ್ಲೂ ಇರುತ್ತದೆ. ಗಾಡಿಯ ನಂಬರ್ ಇರುತ್ತದೆ, ಸೆಕ್ಷನ್ ಇರುತ್ತದೆ. ಸತ್ತವರು ಎಲ್ಲಿಂದ ಎಲ್ಲಿಗೆ ಹೊರಟಿದ್ದರು, ನಿಲ್ದಾಣ ಎಷ್ಟು ದೂರವಿತ್ತು, ದಾಟಲು ಬೇರೆ ಜಾಗ ಇತ್ತೇ ಎಂಬುದು ಇರುವುದಿಲ್ಲ. ಚಾಲಕನ ಮೇಲೆ ಕೇಸಾಗುತ್ತದೆ. ರಸ್ತೆ ಮಾತ್ರ ಹಾಗೆಯೇ ಇರುತ್ತದೆ, ಮುಂದಿನವರಿಗಾಗಿ ಕಾಯುತ್ತಾ.

ಹೊರವರ್ತುಲ ರಸ್ತೆಯ ಒಂದು ನಿಲ್ದಾಣದಲ್ಲಿ ನಾನು ಮೂರು ವಾರ, ಬೆಳಿಗ್ಗೆ ಏಳರಿಂದ ಹತ್ತರವರೆಗೆ, ರಸ್ತೆ ದಾಟುವವರನ್ನು ಎಣಿಸುತ್ತಾ ನಿಂತಿದ್ದೆ. ಅಪಾರ್ಟ್‌ಮೆಂಟಿನ ಮನೆಗೆಲಸಕ್ಕೆ ಬರುವ, ಅರವತ್ತರ ಆಸುಪಾಸಿನ ಹೆಂಗಸೊಬ್ಬರು ದಿನಾ ನನ್ನನ್ನು ನೋಡುತ್ತಿದ್ದರು. ಒಂದು ದಿನ ಕೇಳೇಬಿಟ್ಟರು: "ಏನ್ ಬರ್ಕೊಂತಿದೀಯಮ್ಮಾ? ಸಿಗ್ನಲ್ ಹಾಕ್ತಾರಾ ಇಲ್ಲಿ?" "ಇಲ್ಲಮ್ಮಾ, ಸುಮ್ನೆ ಎಣಿಸ್ತಿದೀನಿ" ಎಂದೆ. "ಎಣಿಸಿ ಏನ್ ಮಾಡ್ತೀಯ? ಬಾ, ಕೈ ಹಿಡ್ಕೊ, ಇಬ್ರೂ ದಾಟೋಣ" ಎಂದರು. ದಾಟಿದೆವು. ಆಮೇಲೆ ನಾನು ಎಣಿಸಲು ಮತ್ತೆ ಒಬ್ಬಳೇ ವಾಪಸ್ ದಾಟಬೇಕಾಯಿತು. ಆಗ ನನ್ನ ಕಾಲು ನಡುಗಿದ್ದನ್ನು ಯಾವ ಟೇಬಲ್ಲಿನಲ್ಲೂ ಹಾಕಿಲ್ಲ.

ಈ ಮಾತು ಎತ್ತಿದಾಗೆಲ್ಲ ಸಿಗುವ ಉತ್ತರ ಒಂದೇ: "ನಮ್ಮ ಜನಕ್ಕೆ ಶಿಸ್ತಿಲ್ಲ." ಸರಿ, ಲೆಕ್ಕ ಹಾಕೋಣ. ಒಂದು ಲೇನ್ ಅಗಲ 3.5 ಮೀಟರ್. ಡಿವೈಡರ್‌ವರೆಗೆ ಮೂರು ಲೇನ್ ದಾಟಬೇಕಾದರೆ ಹತ್ತೂವರೆ ಮೀಟರ್. ಮಂಡಿನೋವಿರುವ ವಯಸ್ಸಾದವರು ಸೆಕೆಂಡಿಗೆ 0.8 ಮೀಟರ್ ನಡೆಯುತ್ತಾರೆಂದು ಹಿಡಿದರೆ ಇದಕ್ಕೆ 13 ಸೆಕೆಂಡ್ ಬೇಕು. ಗಂಟೆಗೆ 60 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 217 ಮೀಟರ್ ಬಂದಿರುತ್ತದೆ. ಅಂದರೆ ಮೂರೂ ಲೇನುಗಳಲ್ಲಿ ಇನ್ನೂರು ಮೀಟರಿಗೂ ಹೆಚ್ಚು ಉದ್ದ ಖಾಲಿ ಇದ್ದರಷ್ಟೇ ಆ ಅಜ್ಜಿ ಓಡದೆ ದಾಟಬಹುದು. ಬೆಳಿಗ್ಗೆ ಎಂಟೂವರೆಗೆ ಹೊರವರ್ತುಲ ರಸ್ತೆಯಲ್ಲಿ ಅಂಥ ಖಾಲಿ ಜಾಗ ಎಲ್ಲಿಂದ ತರುವುದು? ಶಿಸ್ತಿನಿಂದ ಕಾದರೆ ಕೆಲಸ ಹೋಗುತ್ತದೆ, ಕಾಯದಿದ್ದರೆ ಜೀವ ಹೋಗಬಹುದು. ಇದನ್ನು ಅಶಿಸ್ತು ಎಂದು ಕರೆಯುವವರು ಒಂದು ವಾರ ಬಸ್ಸಿನಲ್ಲಿ ಓಡಾಡಿ ನೋಡಲಿ.

ವೇಗದ ಮಾತು ಬಂದದ್ದಕ್ಕೆ ಇನ್ನೊಂದು. ವೇಗ ಎರಡು ಪಟ್ಟಾದರೆ ಗುದ್ದಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇದು ಪಿಯುಸಿಯ ಪಾಠ. ಜನ ಮತ್ತು ವಾಹನ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಮಿತಿ ಇರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಇದಕ್ಕಾಗಿಯೇ. ನಾವೋ, ರಸ್ತೆಯನ್ನು "ಸಿಗ್ನಲ್ ಫ್ರೀ" ಮಾಡಿದೆವೆಂದು ಹೆಮ್ಮೆಪಡುತ್ತೇವೆ. ಕಾರಿನವರಿಗೆ ಸಿಗ್ನಲ್ ಎಂದರೆ ಅಡ್ಡಿ. ನಡೆಯುವವರಿಗೆ ಅದೊಂದೇ ಬಾಗಿಲು. ಆ ಬಾಗಿಲನ್ನೇ ಕಿತ್ತು ಹಾಕಿದ್ದೇವೆ.

"ಸ್ಕೈವಾಕ್ ಇದೆಯಲ್ಲ?" ಎನ್ನುತ್ತಾರೆ. ರಸ್ತೆಯ ಮೇಲೆ ಐದೂವರೆ ಮೀಟರ್ ತೆರವು ಬಿಟ್ಟು ಕಟ್ಟಬೇಕಾದ ಸ್ಕೈವಾಕ್ ಹತ್ತುವುದೆಂದರೆ ಹೆಚ್ಚುಕಡಿಮೆ ಎರಡು ಮಹಡಿ ಹತ್ತಿದ ಹಾಗೆ. ಲಿಫ್ಟ್ ಕೆಟ್ಟಿದ್ದರೆ, ಕೈಯಲ್ಲಿ ಮಗು ಇದ್ದರೆ, ಮಂಡಿ ಹಿಡಿದಿದ್ದರೆ? ನಮ್ಮ ಎಷ್ಟೋ ಸ್ಕೈವಾಕ್‌ಗಳನ್ನು ಖಾಸಗಿಯವರು ಜಾಹೀರಾತು ಹಕ್ಕಿನ ಆಸೆಗೆ ಕಟ್ಟಿದ್ದಾರೆ. ಹಾಗಾಗಿ ಅವು ಏಳುವುದು ಫಲಕ ಚೆನ್ನಾಗಿ ಕಾಣುವ ಕಡೆ. ಕಾರು ಸಮತಟ್ಟಾಗಿ ಹೋಗಬೇಕು, ಮನುಷ್ಯ ಏರಿ ಇಳಿಯಬೇಕು: ಈ ಏರ್ಪಾಟಿಗೆ ಸುರಕ್ಷತೆ ಎಂದು ಹೆಸರಿಟ್ಟಿದ್ದೇವೆ.

ಇನ್ನು ಟಿವಿಯವರ "ಬಿಎಂಟಿಸಿಗೆ ಮತ್ತೊಂದು ಬಲಿ". ಬಸ್ಸು ಹಾಯ್ದು ಸತ್ತವರ ಮನೆಯವರ ಮುಂದೆ ಚಾಲಕರನ್ನು ಸಮರ್ಥಿಸಲು ನಾನು ಹೊರಟಿಲ್ಲ. ಒರಟು ಚಾಲನೆ ಇದೆ, ಬಾಗಿಲು ತೆರೆದೇ ಓಡಿಸುವ ಅಭ್ಯಾಸ ಇದೆ, ಅದಕ್ಕೆ ಶಿಕ್ಷೆ ಆಗಬೇಕು. ಆದರೆ ಬಸ್ ಬೇಯಲ್ಲಿ ಆಟೊ, ಕ್ಯಾಬು ನಿಂತಿರುವಾಗ ಬಸ್ಸು ಎರಡನೇ ಲೇನಿನಲ್ಲಿ ನಿಲ್ಲುತ್ತದೆ, ಇಳಿದವರು ಬೈಕುಗಳ ನಡುವೆ ಇಳಿಯುತ್ತಾರೆ. ಟ್ರಾಫಿಕ್ಕಿನಲ್ಲಿ ಕಳೆದುಹೋದ ನಿಮಿಷಗಳನ್ನು ಚಾಲಕ ಖಾಲಿ ರಸ್ತೆಯಲ್ಲಿ ಹಿಡಿಯಲು ನೋಡುತ್ತಾನೆ. ಬಸ್ಸಿಗೆ ತನ್ನದೇ ಪಥ ಇದ್ದಿದ್ದರೆ ಈ ಎರಡೂ ಕಡಿಮೆಯಾಗುತ್ತಿತ್ತು. 2019ರಲ್ಲಿ ಸಿಲ್ಕ್‌ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಅಂಥ ಬಸ್ ಪಥ ಮಾಡಿದ್ದರು. ಮೆಟ್ರೊ ಕಾಮಗಾರಿ ಶುರುವಾದ ಮೇಲೆ ಅದು ಅಳಿಸಿಹೋಯಿತು. ಜಾಗ ಕಡಿಮೆಯಾದಾಗ ಬಿಟ್ಟುಕೊಡುವ ಸರದಿ ಬಸ್ಸಿನದೇ ಆಯಿತು.

ದುಡ್ಡಿಲ್ಲ ಎನ್ನಬೇಡಿ. ಹೆಬ್ಬಾಳದಿಂದ ಸಿಲ್ಕ್‌ಬೋರ್ಡ್‌ಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಗೆ ಹಾಕಿಕೊಂಡಿರುವ ಅಂದಾಜು 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಒಂದು ಬಸ್ಸಿಗೆ ಒಂದು ಕೋಟಿ ಎಂದು ಧಾರಾಳವಾಗಿ ಹಿಡಿದರೂ ಅದು 17 ಸಾವಿರ ಬಸ್ಸಿನ ದುಡ್ಡು. ಬಿಎಂಟಿಸಿಯಲ್ಲಿ ಈಗ ಇರುವುದು ಏಳು ಸಾವಿರದ ಆಸುಪಾಸು. ಬಸ್ಸು ಕೊಂಡರೆ ಸಾಲದು. ಡಿಪೊ ಬೇಕು, ಚಾಲಕರ ಸಂಬಳ ಬೇಕು, ಗೊತ್ತಿದೆ. ಆ ದುಡ್ಡಿನಲ್ಲಿ ಅರ್ಧ ಅದಕ್ಕೇ ಇಡಿ. ಒಂದು ಚೂರು ಉಳಿಸಿ ನಗರದ ಪ್ರತಿ ನಿಲ್ದಾಣದ ಎದುರಿಗೂ ನೆಲಮಟ್ಟದಲ್ಲೇ ದಾಟುವ ಸಿಗ್ನಲ್ ಹಾಕಿ. "ವಾಹನಗಳಿಗಲ್ಲ, ಜನರ ಸಂಚಾರಕ್ಕೆ ಆದ್ಯತೆ" ಎಂಬ ತತ್ವವನ್ನು ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಒಪ್ಪಿದೆ. ಆಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ.

ಕಾನೂನೂ ಇಲ್ಲದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಸೆಕ್ಷನ್ ಪ್ರಕಾರ, ಸುರಕ್ಷತಾ ಮಾನದಂಡ ಪಾಲಿಸದೆ ರಸ್ತೆ ವಿನ್ಯಾಸ ಮಾಡಿ ಅಥವಾ ಕಟ್ಟಿ ಅದರಿಂದ ಸಾವಾದರೆ, ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಜೀವದ ಬೆಲೆಗೆ ಅದೇನೂ ದೊಡ್ಡ ಮೊತ್ತವಲ್ಲ. ಆದರೂ ನಾನು ಓದಿದ ಒಂದು ಎಫ್‌ಐಆರ್‌ನಲ್ಲೂ ಆ ಸೆಕ್ಷನ್ ಕಾಣಲಿಲ್ಲ. ಅಡೆತಡೆಯಿಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಇಷ್ಟಾದರೂ ಬಸ್ಸು ಒಂದು ಸಂಸ್ಥೆಯದು, ಫುಟ್‌ಪಾತ್ ಪಾಲಿಕೆಯದು, ಸಿಗ್ನಲ್ ಟ್ರಾಫಿಕ್ ಪೊಲೀಸರದು. ಮನೆಯಿಂದ ನಿಲ್ದಾಣದವರೆಗಿನ ದಾರಿ ಯಾರದೂ ಅಲ್ಲ.

ಶಕ್ತಿ ಯೋಜನೆ ಬಂದ 2023ರ ಜೂನ್ 11ರ ನಂತರ ಲಕ್ಷಾಂತರ ಹೆಂಗಸರು ಬಸ್ ಹತ್ತಿದ್ದಾರೆ. ನನಗದು ಖುಷಿಯ ಸಂಗತಿ. ಅದಕ್ಕೇ ಕೇಳುತ್ತಿದ್ದೇನೆ: ಅವರನ್ನು ಬಸ್ಸಿಗೆ ಕರೆದ ಸರ್ಕಾರ ಬಸ್ಸಿನ ಬಾಗಿಲವರೆಗಿನ ದಾರಿಗೂ ಹೊಣೆ ಹೊರಬೇಡವೇ? ನಿಲ್ದಾಣದ ಸುತ್ತಲ ಇನ್ನೂರೈವತ್ತು ಮೀಟರನ್ನು ಬಸ್ ವ್ಯವಸ್ಥೆಯ ಭಾಗವೆಂದೇ ಘೋಷಿಸಿ, ಅದಕ್ಕೊಬ್ಬ ಅಧಿಕಾರಿ, ಒಂದು ಬಜೆಟ್ ಇಡಿ. ಎಫ್‌ಐಆರ್‌ನಲ್ಲಿ ಒಂದೇ ಒಂದು ಪ್ರಶ್ನೆ ಸೇರಿಸಿ: ಸತ್ತವರು ಬಸ್ಸಿಗೆ ಹೊರಟಿದ್ದರೇ, ಬಸ್ಸಿಳಿದು ಬರುತ್ತಿದ್ದರೇ? ಉತ್ತರ ಬರೆಯಲು ಅರ್ಧ ನಿಮಿಷ ಸಾಕು. ಐದು ವರ್ಷ ಬರೆದರೆ ಯಾವ ನಿಲ್ದಾಣ ಎಷ್ಟು ಜನರನ್ನು ಕೊಂದಿದೆ ಎಂಬ ಪಟ್ಟಿ ಕೈಯಲ್ಲಿರುತ್ತದೆ. ಆಮೇಲೆ ಗೊತ್ತಿರಲಿಲ್ಲ ಎನ್ನಲು ಯಾರಿಗೂ ಆಗುವುದಿಲ್ಲ.

ಮುಂದಿನ ತಿಂಗಳು ಸಮಿತಿ ಮತ್ತೆ ಕೂರುತ್ತದೆ. ಹದಿನಾಲ್ಕನೆಯ ಸ್ಲೈಡ್ ವಾಪಸ್ ಸೇರಿಸಿದ್ದೇನೆ, ಈ ಸಲ ಅದು ಮೊದಲನೆಯದು. ಥೀಸಿಸ್ ತಡವಾದರೆ ಆಗಲಿ. ಆ ನಿಲ್ದಾಣಕ್ಕೆ ಮೊನ್ನೆ ಮತ್ತೆ ಹೋಗಿದ್ದೆ. ಆ ಅಮ್ಮ ಈಗಲೂ ದಾಟುತ್ತಿದ್ದಾರೆ. ಸಿಗ್ನಲ್ ಬಂದಿಲ್ಲ.